ಕವಣೆ ಕಲಿಸುವ ಭೌತವಿಜ್ಞಾನ

ಪದವಿಪೂರ್ವ ತರಗತಿಯಲ್ಲಿ ಓದುತ್ತಿರುವ ನಮ್ಮ ಮಕ್ಕಳನ್ನು ಬಹುವಾಗಿ ಕಾಡುವ ಪಾಠಗಳಲ್ಲಿ ವೃತ್ತೀಯ ಚಲನೆಯೂ ಒಂದು. ಸೂತ್ರವು ಕಂಠಪಾಠವಾಗಿರುತ್ತದೆ, ಲೆಕ್ಕ ಮಾತ್ರ ಬಿಡಿಸಲಾಗದು. ಸೂತ್ರದ ಹಿಂದಿನ ಅರ್ಥ ಮನಸ್ಸಿಗೆ ಇಳಿಯದಿರುವುದೇ ಇದಕ್ಕೆ ಕಾರಣ. ಆ ಅರ್ಥವನ್ನು ತಿಳಿಯಲು ಹುನಗುಂದ ಸೀಮೆಯ ಜೋಳದ ಹೊಲವೇ ಸಾಕು.

ತೆನೆ ಕಾಳುಗಟ್ಟುವಾಗ ಹಕ್ಕಿಗಳನ್ನು ಓಡಿಸಲು ರೈತರು ಕವಣೆ ಬೀಸುವುದುಂಟು. ಕಲ್ಲು ಒಂದೇ ಜವದಿಂದ ಸುತ್ತುತ್ತಿರುವಾಗ ಅದಕ್ಕೆ ವೇಗೋತ್ಕರ್ಷ ಎಲ್ಲಿಂದ ಬಂತು ಎಂದು ವಿದ್ಯಾರ್ಥಿಯು ಕೇಳುವುದು ಸಹಜ. ವೇಗವೆಂಬುದು ಜವದೊಡನೆ ದಿಕ್ಕನ್ನೂ ಒಳಗೊಂಡದ್ದು. ದಿಕ್ಕು ಕ್ಷಣಕ್ಷಣವೂ ಬದಲಾಗುವುದರಿಂದ ವೇಗವೂ ಬದಲಾಗುತ್ತಲೇ ಇರುತ್ತದೆ. ಆ ಬದಲಾವಣೆ ಸದಾ ಕೇಂದ್ರದ ಕಡೆಗೆ, ಎಂದರೆ ಹಗ್ಗವು ಕಲ್ಲನ್ನು ಎಳೆಯುವ ಕಡೆಗೆ. ಹಗ್ಗದ ತುದಿಯನ್ನು ಬಿಟ್ಟೊಡನೆ ಕಲ್ಲು ಕೇಂದ್ರದಿಂದ ನೇರವಾಗಿ ಹೊರಕ್ಕೆ ಸಿಡಿಯುವುದಿಲ್ಲ. ಆ ಕ್ಷಣದ ಸ್ಪರ್ಶರೇಖೆಯನ್ನು ಹಿಡಿದು ಹೋಗುತ್ತದೆ. ಹಾಲೆಂಡಿನ ಹೈಗೆನ್ಸ್ ೧೬೭೩ರಲ್ಲಿ ಪ್ರಕಟಿಸಿದ ಲೋಲಕ ಗಡಿಯಾರದ ಗ್ರಂಥದ ಕೊನೆಯಲ್ಲಿ ವೃತ್ತೀಯ ಚಲನೆಯ ನಿಯಮಗಳನ್ನು ನಿರೂಪಿಸಿದನು. ೧೬೮೭ರಲ್ಲಿ ನ್ಯೂಟನ್ ಇದೇ ವಿಚಾರವನ್ನು ಚಂದ್ರ ಮತ್ತು ಗ್ರಹಗಳಿಗೆ ವಿಸ್ತರಿಸಿದನು.

ಇನ್ನು ಲೆಕ್ಕ. ಹಗ್ಗ ೧ ಮೀಟರ್, ಕಲ್ಲು ೧೦೦ ಗ್ರಾಂ, ಸೆಕೆಂಡಿಗೆ ೨ ಸುತ್ತು ಎನ್ನೋಣ. ಪರಿಧಿ ೬.೨೮ ಮೀಟರ್, ಆದ್ದರಿಂದ ಜವ ಸೆಕೆಂಡಿಗೆ ೧೨.೫೬ ಮೀಟರ್. ಜವದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ವೇಗೋತ್ಕರ್ಷ ಸುಮಾರು ೧೫೮. ಇದು ಗುರುತ್ವದ ವೇಗೋತ್ಕರ್ಷವಾದ ೯.೮ರ ೧೬ ಪಟ್ಟು! ೧೦೦ ಗ್ರಾಂ ಕಲ್ಲನ್ನು ತಡೆದು ಹಿಡಿಯಲು ೧.೬ ಕಿಲೋ ಭಾರವನ್ನು ಎತ್ತುವಷ್ಟು ಬಲ ಬೇಕು.

ತ್ರಿಜ್ಯ ಹೆಚ್ಚಿದರೆ ವೇಗೋತ್ಕರ್ಷ ಹೆಚ್ಚುವುದೋ, ಕುಗ್ಗುವುದೋ? ಮಕ್ಕಳು ಎಡವುವುದು ಇಲ್ಲಿಯೇ. ಇಳಕಲ್ಲಿನ ನೇಕಾರರ ರಾಟೆಯನ್ನು ನೋಡಿರಿ. ಅದರ ಎಲ್ಲ ಬಿಂದುಗಳೂ ಒಂದೇ ಕಾಲದಲ್ಲಿ ಒಂದು ಸುತ್ತು ಮುಗಿಸುತ್ತವೆ. ಕೇಂದ್ರದಿಂದ ಎರಡರಷ್ಟು ದೂರವಿರುವ ಬಿಂದುವಿನ ಜವವೂ ಎರಡರಷ್ಟು. ಆದ್ದರಿಂದ ಅಲ್ಲಿ ವೇಗೋತ್ಕರ್ಷವೂ ಎರಡರಷ್ಟು. ಆದರೆ ಒಂದೇ ಜವದಲ್ಲಿ ಓಡುವ ಬಸ್ಸಿಗೆ ತಿರುವು ವಿಶಾಲವಾದಷ್ಟೂ ವೇಗೋತ್ಕರ್ಷ ಕಡಿಮೆ. ಸ್ಥಿರವಾಗಿರುವುದು ಜವವೋ, ಸುತ್ತಿನ ಕಾಲವೋ ಎಂಬುದನ್ನು ಮೊದಲು ಅರಿಯಬೇಕು.

ಈ ಗಣಿತ ಪರೀಕ್ಷೆಗೆ ಮಾತ್ರ ಸೀಮಿತವಲ್ಲ. ಬಾಗಲಕೋಟೆಯಿಂದ ಬಾದಾಮಿಗೆ ಬೈಕಿನಲ್ಲಿ ಹೊರಟ ತರುಣನ ಎದುರು ೫೦ ಮೀಟರ್ ತ್ರಿಜ್ಯದ ತಿರುವು ಬಂದಿತೆನ್ನಿ. ಗಂಟೆಗೆ ೩೬ ಕಿಲೋಮೀಟರ್ ಎಂದರೆ ಸೆಕೆಂಡಿಗೆ ೧೦ ಮೀಟರ್, ವೇಗೋತ್ಕರ್ಷ ೨. ಜವವನ್ನು ೭೨ಕ್ಕೆ ಏರಿಸಿದರೆ ಅದು ೪ ಅಲ್ಲ, ೮! ಈ ಬಲವನ್ನು ಕೊಡಬೇಕಾದುದು ಸಮತಟ್ಟಾದ ರಸ್ತೆ ಮತ್ತು ಗಾಲಿಗಳ ನಡುವಿನ ಘರ್ಷಣೆ. ಮಳೆಯಲ್ಲಿ, ಮರಳಿನ ಮೇಲೆ ಅದು ಸಾಲದು. ಆಗ ಹಗ್ಗ ಬಿಟ್ಟ ಕಲ್ಲಿನಂತೆ ಬೈಕೂ ರಸ್ತೆಯನ್ನು ಬಿಟ್ಟು ನೇರವಾಗಿ ಜಾರುತ್ತದೆ.

ಆದುದರಿಂದ ಮಕ್ಕಳು ಮೊದಲು ಚಿತ್ರ ಬರೆಯಲಿ, ಕೇಂದ್ರವನ್ನು ಗುರುತಿಸಲಿ, ಅದರ ಕಡೆಗೆ ಎಳೆಯುತ್ತಿರುವುದು ಯಾವುದೆಂದು ಕೇಳಿಕೊಳ್ಳಲಿ. ಕಿಲೋಮೀಟರನ್ನು ಮೀಟರಿಗೂ ಗಂಟೆಯನ್ನು ಸೆಕೆಂಡಿಗೂ ಪರಿವರ್ತಿಸಿ, ಕೊನೆಗೆ ಸೂತ್ರವನ್ನು ಬಳಸಲಿ. ತಂದೆತಾಯಿಗಳು ಬೈಕಿನ ಕೀಲಿ ಕೊಡುವ ಮುನ್ನ ಈ ಒಂದು ಲೆಕ್ಕವನ್ನು ಮಗನಿಂದಲೋ ಮಗಳಿಂದಲೋ ಮಾಡಿಸಿ ನೋಡುವುದು ಲೇಸು.