ಡಬ್ಬಿಯ ಮೇಲಿನ ಡಬ್ಲ್ಯು

ಎತ್ತಿನ ಗಾಡಿ ಕಂಡ ಅಜ್ಜಂದಿರಿಗೆ ಕೀಲೆಣ್ಣೆಯ ಮಾತು ಹೊಸದಲ್ಲ. ಅಚ್ಚು ಒಣಗಿದರೆ ಗಾಡಿ ದೂರದಿಂದಲೇ ಕಿರ್ರೋ ಎಂದು ದೂರು ಹೇಳಿಕೊಂಡು ಬರುತ್ತಿತ್ತು. ಗಾಡಿಯವನು ಇಳಿದು, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆಯನ್ನು ಅಚ್ಚಿಗೆ ಬಳಿದರೆ ಗಾಡಿ ಸುಮ್ಮನಾಗುತ್ತಿತ್ತು. ಕಾರಿನ ಎಂಜಿನ್ನಿಗೆ ಹಾಕುವ ಎಣ್ಣೆಯೂ ಕೀಲೆಣ್ಣೆಯೇ. ಇಷ್ಟೇ ವ್ಯತ್ಯಾಸ: ಗಾಡಿಯ ಹಾಗೆ ಕಾರು ಮೊದಲೇ ದೂರು ಹೇಳುವುದಿಲ್ಲ. ಹೇಳುವ ಹೊತ್ತಿಗೆ ಸಾಮಾನ್ಯವಾಗಿ ಕೆಲಸ ಕೆಟ್ಟಿರುತ್ತದೆ.

ಹರಳೆಣ್ಣೆಗೂ ಕಾರಿಗೂ ನಿಜವಾದ ನಂಟೇ ಇದೆ. 1899ರಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ ಎಂಬವರು ಲಂಡನ್ನಿನಲ್ಲಿ ಎಣ್ಣೆ ಕಂಪನಿಯೊಂದನ್ನು ಆರಂಭಿಸಿದರು. ಹರಳೆಣ್ಣೆ ಬೆರೆಸಿದ ಅವರ ಎಂಜಿನ್ ಎಣ್ಣೆಗೆ 1909ರಲ್ಲಿ ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ‘ಕ್ಯಾಸ್ಟರ್’ ಎಂಬುದರಿಂದಲೇ ‘ಕ್ಯಾಸ್ಟ್ರಾಲ್’ ಎಂಬ ಹೆಸರು ಬಂತು. ಮೊದಲ ಮಹಾಯುದ್ಧದ ಹಲವು ವಿಮಾನಗಳ ಎಂಜಿನ್ನಿಗೂ ಹರಳೆಣ್ಣೆಯೇ. ಉರಿಯದೆ ಉಳಿದ ಎಣ್ಣೆಯ ಹನಿಗಳು ಪೈಲಟ್ಟಿನ ಮುಖಕ್ಕೆ ಸಿಡಿದು, ಬಾಯಿಗೂ ಹೋಗಿ, ಹೊಟ್ಟೆ ಕೆಡುತ್ತಿತ್ತಂತೆ. ಚಿಕ್ಕಂದಿನಲ್ಲಿ ಮೂಗು ಹಿಡಿಸಿಕೊಂಡು ಹರಳೆಣ್ಣೆ ಕುಡಿದ ಅಜ್ಜ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ!

ಈಗ ಒಂದು ಲೆಕ್ಕ. ಗಂಟೆಗೆ ಅರವತ್ತು, ಎಪ್ಪತ್ತು ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಎಂಜಿನ್ನು ನಿಮಿಷಕ್ಕೆ 1800 ಸುತ್ತು ತಿರುಗುತ್ತಿದೆ ಎನ್ನೋಣ. ಅಂದರೆ ಸೆಕೆಂಡಿಗೆ 30 ಸುತ್ತು. ‘ಒಂದು’ ಎಂದು ಎಣಿಸುವಷ್ಟರಲ್ಲಿ ಒಂದೊಂದು ಪಿಸ್ಟನ್ನೂ ಮೂವತ್ತು ಸಲ ಮೇಲೆ ಹೋಗಿ ಕೆಳಗೆ ಬಂದಿರುತ್ತದೆ. ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಇರುವುದು ಕೂದಲೆಳೆಗಿಂತ ತೆಳ್ಳಗಿನ ಎಣ್ಣೆಯ ಪದರ, ಅಷ್ಟೆ. ಅದು ಹರಿದುಹೋದರೆ ಲೋಹ ಲೋಹವನ್ನು ತಿನ್ನುತ್ತದೆ, ಕಾದು ಕಚ್ಚಿಕೊಳ್ಳುತ್ತದೆ. ಗ್ಯಾರೇಜಿನವರು ‘ಎಂಜಿನ್ ಸೀಜ್ ಆಗಿದೆ’ ಎನ್ನುವುದು ಇದಕ್ಕೇ. ಎಣ್ಣೆಗೆ ಬೇರೆ ಕೆಲಸಗಳೂ ಇವೆ. ಒಳಗಿನ ಬಿಸಿಯನ್ನು ಹೊತ್ತು ತರುತ್ತದೆ, ಮಸಿಯನ್ನು ತೊಳೆದು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಆದ್ದರಿಂದ ಎಣ್ಣೆ ಕಪ್ಪಾದ ಮಾತ್ರಕ್ಕೆ ಕೆಟ್ಟಿತು ಎಂದುಕೊಳ್ಳಬೇಡಿ. ಡೀಸೆಲ್ ಕಾರಿನಲ್ಲಂತೂ ಹೊಸ ಎಣ್ಣೆ ಬೇಗನೆ ಕಪ್ಪಾಗುತ್ತದೆ.

ಹಾಗಾದರೆ ಯಾವ ಎಣ್ಣೆ? ನಮ್ಮ ಎದುರು ಮನೆಯ ಮೇಷ್ಟ್ರಿಗೆ ಈ ಪ್ರಶ್ನೆಯೇ ಹುಟ್ಟಿರಲಿಲ್ಲ. ತಮ್ಮ ಹಳೆಯ ಕಾರಿಗೆ ವರ್ಷಾನುಗಟ್ಟಲೆ 20ಡಬ್ಲ್ಯು-40 ಹಾಕಿಸುತ್ತಿದ್ದವರು, ಮಗಳ ಹೊಸ ಕಾರಿಗೂ ಸೇರಿಸಿ ಅದನ್ನೇ ಎರಡು ಡಬ್ಬಿ ತಂದಿದ್ದರು. ಮಗಳ ಕಾರಿನ ಸಾಲದ ಕಂತು ಇನ್ನೂ ಮುಗಿದಿರಲಿಲ್ಲ. ಗ್ಯಾರೇಜಿಗೆ ನಾನೂ ಜೊತೆಗೆ ಹೋಗಿದ್ದೆ.

“ಎಂಜಿನ್ನು ಎಂಜಿನ್ನೇ ತಾನೆ?” ಎಂದರು ಮೇಷ್ಟ್ರು.

“ಗಟ್ಟಿ ಎಣ್ಣೆ ಹಾಕಿದ್ರೆ ಎಂಜಿನ್ನೂ ಗಟ್ಟಿ ಸಾರ್” ಎಂದು ಮೆಕ್ಯಾನಿಕ್ ತಾಳ ಹಾಕಿದ.

ಹಿಂದಿನ ಸೀಟಿನಲ್ಲಿ ಎಂಟನೇ ಕ್ಲಾಸಿನ ಮೊಮ್ಮಗಳು. ಹೊತ್ತು ಹೋಗದೆ ಕಾರಿನ ಪುಸ್ತಕ ತಿರುವಿಹಾಕುತ್ತಿದ್ದಳು. “ತಾತ, ಇದರಲ್ಲಿ 0ಡಬ್ಲ್ಯು-20 ಅಂತಿದೆ. ನೀವು ತಂದಿರೋದು 20ಡಬ್ಲ್ಯು-40.”

“ಇಪ್ಪತ್ತು ಎರಡರಲ್ಲೂ ಇದೆಯಲ್ಲಮ್ಮ.”

“ಇಲ್ಲಿ ಡಬ್ಲ್ಯು ಆದಮೇಲೆ ಇಪ್ಪತ್ತು ತಾತ. ನಿಮ್ಮ ಡಬ್ಬೀಲಿ ಡಬ್ಲ್ಯುಗೆ ಮೊದಲೇ ಇಪ್ಪತ್ತು.”

ಮೆಕ್ಯಾನಿಕ್ ಡಬ್ಬಿಯ ಮುಚ್ಚಳದ ಮೇಲಿಂದ ಕೈ ತೆಗೆದ. ಪುಸ್ತಕ ಇಸಿದುಕೊಂಡು ತಾನೇ ನೋಡಿದ. ಆಮೇಲೆ ಅಂಗಡಿಗೆ ಹೋಗಿ ಬೇರೆ ಡಬ್ಬಿ ತಂದದ್ದೂ ಅವನೇ.

ಆ ಅಂಕಿಗಳ ಗುಟ್ಟು ತಿಳಿಯಲು ಮಲೆನಾಡಿನ ಜೋನಿಬೆಲ್ಲವನ್ನು ನೆನೆಸಿಕೊಳ್ಳಿ. ಚಳಿಯ ಬೆಳಿಗ್ಗೆ ಚಮಚ ಓರೆ ಮಾಡಿದರೂ ಬೀಳಲು ಒಲ್ಲೆ ಎನ್ನುವ ಬೆಲ್ಲ, ಬಿಸಿ ದೋಸೆಯ ಮೇಲೆ ಬಿದ್ದ ಕೂಡಲೇ ಓಡತೊಡಗುತ್ತದೆ. ಹರಿಯಲು ದ್ರವ ಒಡ್ಡುವ ಈ ತಡೆಗೆ ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಸ್ನಿಗ್ಧತೆ ಎಂಬ ಹೆಸರಿದೆ. ಬೇಕಾದರೆ ಒಂದು ಓಟದ ಪಂದ್ಯ ಇಡಿ. ಸ್ಟೀಲ್ ತಟ್ಟೆಯ ಅಂಚಿನಲ್ಲಿ ಹರಳೆಣ್ಣೆ, ಅಡುಗೆ ಎಣ್ಣೆ, ನೀರು ಒಂದೊಂದು ಹನಿ ಹಾಕಿ ತಟ್ಟೆಯನ್ನು ಓರೆ ಮಾಡಿ. ಆಮೇಲೆ ತಟ್ಟೆಯನ್ನು ಬಿಸಿಲಿಗಿಟ್ಟು ಕಾಯಿಸಿ, ಇನ್ನೊಮ್ಮೆ ಓಡಿಸಿ. ಹರಳೆಣ್ಣೆಯ ಓಟ ಈ ಸಲ ಚುರುಕಾಗಿರುತ್ತದೆ.

ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ಅದಕ್ಕೆ ಮೊದಲಿನ ಅಂಕಿ ಎಣ್ಣೆ ಚಳಿಯಲ್ಲಿ ಹೇಗಿರುತ್ತದೆ ಎಂದು ಹೇಳುತ್ತದೆ. ಚಿಕ್ಕದಾದಷ್ಟೂ ಚಳಿಯಲ್ಲಿ ಸಲೀಸು. ಎರಡನೆಯ ಅಂಕಿ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದೆಷ್ಟು ಮಂದ ಎಂಬುದಕ್ಕೆ. ಎರಡೂ ತಾಪಮಾನದ ಡಿಗ್ರಿಗಳಲ್ಲ, ಬರಿಯ ದರ್ಜೆಯ ಗುರುತುಗಳು. ಈ ದರ್ಜೆಗಳನ್ನು ಗೊತ್ತುಮಾಡಿದ್ದು ಅಮೆರಿಕದ ವಾಹನ ಎಂಜಿನಿಯರುಗಳ ಸಂಘ. ಡಬ್ಬಿಯ ಮೇಲೆ ಎಸ್‌ಎಇ ಎಂದಿರುವುದು ಆ ಸಂಘದ ಹೆಸರು.

“ನಮ್ಮೂರಲ್ಲಿ ಹಿಮ ಬೀಳಲ್ಲ, ಚಳಿಗಾಲದ ಅಂಕಿ ಯಾಕೆ?” ಎಂದು ಆ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. 0ಡಬ್ಲ್ಯು ದರ್ಜೆಯ ಎಣ್ಣೆಯನ್ನು ಸೊನ್ನೆಗಿಂತ 35 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ, 20ಡಬ್ಲ್ಯುವನ್ನು 15 ಡಿಗ್ರಿ ಕೆಳಗೆ. ಹಾಸನದಲ್ಲಾಗಲಿ ರಾಯಚೂರಿನಲ್ಲಾಗಲಿ ಅಂಥ ಚಳಿಯ ಮಾತೇ ಇಲ್ಲ. ಆದರೆ ನಮಗೆ ಹಿತವಾದ 20 ಡಿಗ್ರಿಯ ಬೆಳಿಗ್ಗೆ, 100 ಡಿಗ್ರಿಯಲ್ಲಿ ಕೆಲಸ ಮಾಡುವ ಎಂಜಿನ್ನಿಗೆ ಚಳಿಗಾಲವೇ. ಆಗ ಎಣ್ಣೆ ತಾನು ಬಿಸಿಯಲ್ಲಿರುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಮಂದವಾಗಿರುತ್ತದೆ. ರಾತ್ರಿಯೆಲ್ಲ ತಳದಲ್ಲಿ ಇಳಿದು ನಿಂತದ್ದು ಬೆಳಿಗ್ಗೆ ಕೀ ತಿರುಗಿಸಿದೊಡನೆ ಮೇಲೇರಬೇಕು. ಏರುವವರೆಗೆ ಮೇಲಿನ ಭಾಗಗಳಿಗೆ ಹಿಂದಿನ ದಿನ ಉಳಿದ ಜಿಡ್ಡೇ ಗತಿ. ಡಿಸೆಂಬರಿನಲ್ಲಿ ತೆಂಗಿನೆಣ್ಣೆಯ ಬಾಟಲಿಯನ್ನು ಬಿಸಿಲಿಗಿಟ್ಟು ಕಾಯುವವರಿಗೆ ಈ ಕಷ್ಟ ಅರ್ಥವಾದೀತು.

ಚಳಿಯಲ್ಲಿ ಹರಿಯಬೇಕು, ಬಿಸಿಯಲ್ಲಿ ನೀರಾಗಬಾರದು. ಒಂದೇ ಎಣ್ಣೆಗೆ ಎರಡೂ ಹೇಗೆ ಸಾಧ್ಯ? ಅದರಲ್ಲಿ ಬೆರೆಸುವ ಕೆಲವು ಉದ್ದನೆಯ ಅಣುಗಳು ತಂಪಿನಲ್ಲಿ ನೂಲುಂಡೆಯ ಹಾಗೆ ಮುದುಡಿರುತ್ತವೆ, ದಾರಿಗೆ ಅಡ್ಡ ಬರುವುದಿಲ್ಲ. ಬಿಸಿಯಾದಾಗ ಬಿಚ್ಚಿ ಹರಡಿಕೊಂಡು ಎಣ್ಣೆ ತೀರಾ ತೆಳುವಾಗದಂತೆ ತಡೆಯುತ್ತವೆ. ಮನುಷ್ಯರು ಮಾಡಿದ ಜಾಣ ಕೆಲಸಗಳಲ್ಲಿ ಇದೂ ಒಂದು ಎಂದು ನನ್ನ ಲೆಕ್ಕ.

ಮೇಷ್ಟ್ರ ಗಟ್ಟಿ ಎಣ್ಣೆ ಹೊಸ ಕಾರಿಗೆ ಬಿದ್ದಿದ್ದರೆ ಏನಾಗುತ್ತಿತ್ತು? ಅದೇ ದಿನ ಏನೂ ಆಗುತ್ತಿರಲಿಲ್ಲ. ಮೋಸ ಇರುವುದೇ ಅಲ್ಲಿ. ಹೊಸ ಎಂಜಿನ್ನುಗಳಲ್ಲಿ ಎಣ್ಣೆಯ ದಾರಿಗಳು ಕಿರಿದು. ಎಷ್ಟೋ ಕಾರುಗಳಲ್ಲಿ ವಾಲ್ವುಗಳ ವೇಳೆಯನ್ನು ಹೊಂದಿಸುವುದೂ ಎಣ್ಣೆಯ ಒತ್ತಡವೇ. ಮಂದ ಎಣ್ಣೆ ತಡವಾಗಿ ತಲುಪುತ್ತದೆ, ಪೆಟ್ರೋಲೂ ಹೆಚ್ಚು ಖರ್ಚಾಗುತ್ತದೆ, ದಿನದಿನವೂ ಸ್ವಲ್ಪಸ್ವಲ್ಪ ಸವೆತ. ಎಂಜಿನ್ ಕೆಟ್ಟು ವಾರಂಟಿ ಕೇಳಲು ಹೋದರೆ, ಯಾವ ಎಣ್ಣೆ ಹಾಕಿಸಿದ್ದಿರಿ ಎಂಬ ಪ್ರಶ್ನೆ ಬೇರೆ. ತಿರುವುಮುರುವಾದರೂ ಕಷ್ಟವೇ. ಸವೆದ ಹಳೆಯ ಎಂಜಿನ್ನಿಗೆ ತೀರಾ ತೆಳು ಎಣ್ಣೆ ಹಾಕಿದರೆ ಪಿಸ್ಟನ್ನಿನ ಪಕ್ಕದಿಂದ ನುಸುಳಿ ಉರಿದುಹೋಗಬಹುದು. ಹಿಂದಿನ ಕೊಳವೆಯಿಂದ ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ ಎಂದೇ ತಿಳಿಯಿರಿ. ದುಬಾರಿ ಸಿಂಥೆಟಿಕ್ ಎಣ್ಣೆ ಬಿಸಿಯನ್ನೂ ಚಳಿಯನ್ನೂ ಚೆನ್ನಾಗಿ ತಾಳುತ್ತದೆ ನಿಜ. ಆದರೂ ದರ್ಜೆ ತಪ್ಪಿದ ದುಬಾರಿ ಎಣ್ಣೆಗಿಂತ ದರ್ಜೆ ಸರಿಯಿರುವ ಅಗ್ಗದ ಎಣ್ಣೆಯೇ ವಾಸಿ.

ಅಂಕಿಯ ಜೊತೆಗೆ ಅಕ್ಷರಗಳನ್ನೂ ಹೊಂದಿಸಿ ನೋಡಬೇಕು. ಎಪಿಐ ಗುರುತಿನ ಮುಂದೆ ಎಸ್ ಎಂದು ಆರಂಭವಾಗುವುದು ಪೆಟ್ರೋಲ್ ಎಂಜಿನ್ನಿಗೆ, ಸಿ ಎಂದು ಆರಂಭವಾಗುವುದು ಡೀಸೆಲ್‌ಗೆ. ಪೆಟ್ರೋಲ್ ಸಾಲಿನಲ್ಲಿ ಎರಡನೆಯ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ಎಣ್ಣೆ ಹೊಸ ಕಾಲದ್ದು: ಎಸ್‌ಎನ್ 2010ರದು, ಎಸ್‌ಪಿ 2020ರದು. ಹೊಗೆಯ ಮಸಿ ಹಿಡಿಯುವ ಜಾಲರಿ ಇರುವ ಹೊಸ ಡೀಸೆಲ್ ಕಾರುಗಳಿಗೆ ಬೂದಿ ಕಡಿಮೆ ಬಿಡುವ ಎಣ್ಣೆ ಬೇಕು. ಬೇರೆಯದು ಹಾಕಿದರೆ ಆ ಜಾಲರಿ ಬೇಗ ಕಟ್ಟಿಕೊಳ್ಳುತ್ತದೆ, ಹೊಸದು ಹಾಕಿಸಲು ಜೇಬಿಗೆ ದೊಡ್ಡ ಕತ್ತರಿ. ಕಾರಿಗೆ ತಂದು ಉಳಿದ ಎಣ್ಣೆಯನ್ನು ಅಪ್ಪನ ಬೈಕಿಗೆ ಸುರಿಯುವ ಮನೆಗಳೂ ಇವೆ. ಬೇಡ. ಬಹಳಷ್ಟು ಬೈಕುಗಳಲ್ಲಿ ಕ್ಲಚ್ಚೂ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಕಾರಿನ ಎಣ್ಣೆಯ ನುಣುಪಿಗೆ ಕ್ಲಚ್ಚು ಜಾರತೊಡಗಬಹುದು. ಬೈಕಿನ ಡಬ್ಬಿಯ ಮೇಲೆ ಜಾಸೋ ಎಂಎ ಎಂಬ ಗುರುತು ಹುಡುಕಿ.

ಇಷ್ಟೆಲ್ಲ ನೆನಪಿಟ್ಟುಕೊಳ್ಳುವುದು ಕಷ್ಟ ಎನಿಸಿದರೆ ಬಿಡಿ, ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಮಲಗಿರುವ ಪುಸ್ತಕದಲ್ಲಿ ಎಲ್ಲ ಬರೆದಿದೆ: ಯಾವ ದರ್ಜೆ, ಯಾವ ಅಕ್ಷರ, ಎಷ್ಟು ಲೀಟರ್, ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ತಿಂಗಳಿಗೆ ಬದಲಿಸಬೇಕು. ಅಕ್ಷರ ಸಣ್ಣದು, ತಾತನ ಕನ್ನಡಕಕ್ಕೆ ಕಾಣದು; ಮೊಮ್ಮಕ್ಕಳು ಓದಿ ಹೇಳಬೇಕು. ತಿಂಗಳಿಗೊಮ್ಮೆ ಇಬ್ಬರೂ ಸೇರಿ ಎಣ್ಣೆಯ ಮಟ್ಟ ನೋಡಿ. ಕಾರು ಸಮತಟ್ಟಾದ ಜಾಗದಲ್ಲಿರಲಿ, ಎಂಜಿನ್ ಆರಿಸಿ ಹತ್ತು ನಿಮಿಷವಾಗಿರಲಿ. ಅಳತೆಯ ಕಡ್ಡಿ ತೆಗೆದು, ಒರೆಸಿ, ಮತ್ತೆ ಅದ್ದಿ ತೆಗೆದರೆ ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಹೆಚ್ಚು ಸುರಿದರೂ ಕೆಡುಕೇ; ಒಳಗೆ ಮಜ್ಜಿಗೆ ಕಡೆದಂತೆ ಕಡೆದು ನೊರೆಯಾಗುತ್ತದೆ. ಓಡುವಾಗ ಮುಂದಿನ ಫಲಕದಲ್ಲಿ ಗಿಂಡಿಯಂಥ ಕೆಂಪು ದೀಪ ಹತ್ತಿದರೆ, ಊರು ಇನ್ನೆರಡೇ ಕಿಲೋಮೀಟರ್ ಎನ್ನಬೇಡಿ. ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ.

ಡಬ್ಬಿಯ ಸೀಲು ನಿಮ್ಮೆದುರೇ ಒಡೆಯಲಿ. ಖಾಲಿಯಾದ ಡಬ್ಬಿಗೆ ಅಲ್ಲೇ ತೂತು ಹೊಡೆಸಿ, ಕಲಬೆರಕೆಯವರು ಅದರಲ್ಲಿ ಇನ್ನೇನೋ ತುಂಬಿ ಮಾರದಿರಲಿ. ತೆಗೆದ ಹಳೆಯ ಎಣ್ಣೆಯನ್ನು ಗೆದ್ದಲಿಗೆಂದು ಬೇಲಿಗೂಟಕ್ಕೆ ಬಳಿಯುವ ರೂಢಿ ನಮ್ಮಲ್ಲಿದೆ. ಮಳೆ ಬಂದರೆ ಅದು ತೊಳೆದು ಬಾವಿಯ ನೀರಿಗೇ ಸೇರೀತು. ಚರಂಡಿಗೂ ಸುರಿಯದೆ, ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಟ್ಟುಬಿಡಿ.