ಆರೋಪಪತ್ರದಲ್ಲಿಲ್ಲದ ಅಪರಾಧ

ದಿನಾಚರಣೆಗಳಲ್ಲಿ ನಮಗೆ ವಿಶೇಷ ಶ್ರದ್ಧೆಯಿಲ್ಲವೆಂಬುದನ್ನು ನಮ್ಮ ವಾಚಕರು ಬಲ್ಲರು. ಯುದ್ಧಕಾಲದ ಲೈಂಗಿಕ ಅತ್ಯಾಚಾರದ ನಿರ್ಮೂಲನಕ್ಕಾಗಿ ಜೂನ್ 19ನೆಯ ತಾರೀಖನ್ನು ಮೀಸಲಿಡಬೇಕೆಂದು ಸಂಯುಕ್ತ ರಾಷ್ಟ್ರಸಂಘದ ಮಹಾಸಭೆಯು 2015ರಲ್ಲಿ ಗೊತ್ತುಮಾಡಿದಾಗ, ಭಾಷಣ ಮಾಡಿ ಮನೆಗೆ ಹೋಗುವವರ ಯಾದಿಗೆ ಮತ್ತೊಂದು ದಿನ ಸೇರಿತೆಂದೇ ನಾವು ಎಣಿಸಿದೆವು. ಆದರೆ ಆ ತಾರೀಖಿನ ಹಿಂದೆ ಭದ್ರತಾ ಮಂಡಲಿಯು 2008ರಲ್ಲಿ ಅದೇ ದಿನ ಅಂಗೀಕರಿಸಿದ 1820ನೆಯ ನಿರ್ಣಯವುಂಟು. ಅಂತಹ ನಿರ್ಣಯವು ಸಾಧ್ಯವಾಗುವುದಕ್ಕೆ ಹತ್ತು ವರ್ಷ ಮೊದಲು ತೀರಿದ ಒಂದು ಖಟ್ಲೆಯುಂಟು. ನಿರ್ಣಯವನ್ನು ಬಿಟ್ಟು ಖಟ್ಲೆಯ ಮಾತನ್ನೇ ಇಂದು ಹೇಳಬಯಸುತ್ತೇವೆ.

1994ರ ಏಪ್ರಿಲಿನಿಂದ ಜುಲೈವರೆಗೆ, ಸುಮಾರು ನೂರು ದಿನಗಳ ಅವಧಿಯಲ್ಲಿ, ಆಫ್ರಿಕಾದ ನಡುವಣ ರುವಾಂಡಾ ಎಂಬ ಪುಟ್ಟ ದೇಶದಲ್ಲಿ ಟುಟ್ಸಿ ಜನರ ಸಂಹಾರ ನಡೆಯಿತು. ಲಕ್ಷೋಪಲಕ್ಷ ಜನರು ಹತರಾದರು. ಬಲಾತ್ಕಾರಕ್ಕೆ ಗುರಿಯಾದ ಸ್ತ್ರೀಯರ ಸಂಖ್ಯೆಯು ಎರಡೂವರೆ ಲಕ್ಷದಿಂದ ಐದು ಲಕ್ಷದವರೆಗೆ ಇದ್ದೀತೆಂದು ರಾಷ್ಟ್ರಸಂಘದ ವಿಶೇಷ ವರದಿಗಾರರು 1996ರಲ್ಲಿ ಅಂದಾಜು ಮಾಡಿದರು. ಆ ದೇಶದ ಟಾಬಾ ಎಂಬ ಪ್ರಾಂತಕ್ಕೆ ಝಾಂ ಪಾಲ್ ಅಕಾಯೇಸು ಎಂಬವನು ಮುಖ್ಯಾಧಿಕಾರಿಯಾಗಿದ್ದನು. ಇವನು ಮೊದಲು ಶಾಲಾಮಾಸ್ತರನಾಗಿದ್ದು, ಅನಂತರ ಶಾಲೆಗಳ ಇನ್‌ಸ್ಪೆಕ್ಟರನಾದವನು. ಪಾಠಶಾಲೆಯ ಜಗಲಿಯ ಮೇಲೆ ಗುರುಗಳ ಮುಂದೆ ಕೈಕಟ್ಟಿ ಕುಳಿತು ಅಕ್ಷರ ಕಲಿತ ನಮ್ಮಂತಹವರಿಗೆ, ಕೊಂದವರ ಕ್ರೌರ್ಯಕ್ಕಿಂತ ಈ ಒಂದು ವಿವರವೇ ಹೆಚ್ಚು ನೋವನ್ನುಂಟುಮಾಡುತ್ತದೆ. ಮೊದಮೊದಲು ಇವನು ಕೊಲೆಗಡುಕರನ್ನು ತಡೆದನೆಂಬುದೂ ನಿಜ. ಏಪ್ರಿಲ್ 18ರ ಸುಮಾರಿಗೆ, ಮೇಲಿನವರ ಸಭೆಯೊಂದಕ್ಕೆ ಹೋಗಿಬಂದಮೇಲೆ, ಅವನು ಬದಲಾದನು. ಪ್ರಾಣಭಯದಿಂದ ಅವನ ಕಚೇರಿಯ ಅಂಗಳದಲ್ಲಿ ಆಶ್ರಯ ಬೇಡಿ ಕುಳಿತ ಹೆಂಗಸರನ್ನು ಅಲ್ಲಿಯೇ, ಅವನ ಕಣ್ಣೆದುರಿನಲ್ಲಿಯೇ, ಎಳೆದೊಯ್ದು ಕೆಡಿಸಿದರು.

1995ರ ಅಕ್ಟೋಬರಿನಲ್ಲಿ ಇವನು ಝಾಂಬಿಯಾದಲ್ಲಿ ಸೆರೆಸಿಕ್ಕಿದನು. ಟಾಂಝಾನಿಯಾದ ಅರೂಶಾ ಪಟ್ಟಣದಲ್ಲಿ ರಾಷ್ಟ್ರಸಂಘವು ಏರ್ಪಡಿಸಿದ ನ್ಯಾಯಾಲಯದಲ್ಲಿ 1997ರ ಜನವರಿಯಲ್ಲಿ ವಿಚಾರಣೆ ಆರಂಭವಾಯಿತು. ಆರೋಪಪತ್ರದಲ್ಲಿ ಹನ್ನೆರಡು ಬಾಬುಗಳಿದ್ದುವು: ಕೊಲೆ, ಚಿತ್ರಹಿಂಸೆ, ಜನಾಂಗ ಸಂಹಾರ. ಬಲಾತ್ಕಾರದ ಮಾತು ಅದರಲ್ಲಿ ಒಂದೂ ಇರಲಿಲ್ಲ. ಯಾರೋ ಮುಚ್ಚಿಟ್ಟರೆಂದಲ್ಲ, ವಿಚಾರಿಸತಕ್ಕವರು ಅದನ್ನು ಕೇಳಿರಲಿಲ್ಲ, ಕೇಳದಿದ್ದುದರಿಂದ ಹೆಂಗಸರು ಹೇಳಿರಲಿಲ್ಲ. ಅಷ್ಟರಲ್ಲಿ ಒಬ್ಬ ತಾಯಿ, ನ್ಯಾಯಾಲಯವು ಹೆಸರನ್ನು ಗುಪ್ತವಾಗಿಟ್ಟು ಒಂದು ಅಕ್ಷರದಿಂದ ಮಾತ್ರ ಗುರುತಿಸಿದವಳು, ಬೇರೆ ವಿಷಯಕ್ಕೆ ಸಾಕ್ಷಿ ನುಡಿಯುತ್ತಿರುವಾಗ ತನ್ನ ಆರು ವರ್ಷದ ಮಗಳಿಗೆ ಮೂವರು ಗಂಡಸರು ಮಾಡಿದ ಅನ್ಯಾಯವನ್ನು ಬಾಯಿಬಿಟ್ಟು ಹೇಳಿದಳು. ಅನಂತರ ಇನ್ನೊಬ್ಬಳು ತನಗೇ ಆದುದನ್ನು ಹೇಳಿದಳು.

ಆ ಪೀಠದ ಮೇಲೆ ಮೂವರು ನ್ಯಾಯಾಧೀಶರು. ಸೆನೆಗಲ್ಲಿನವರೊಬ್ಬರು, ಸ್ವೀಡನ್ನಿನವರೊಬ್ಬರು, ಮೂರನೆಯವರು ನವನೀತಂ ಪಿಳ್ಳೈ, ದಕ್ಷಿಣ ಆಫ್ರಿಕಾದ ಡರ್ಬನ್ನಿನ ತಮಿಳು ಮನೆತನದ ಹೆಣ್ಣುಮಗಳು. ತಂದೆ ಬಸ್ಸು ನಡೆಸುತ್ತಿದ್ದವರು. ಅಲ್ಲಿಯ ಬಡ ಭಾರತೀಯರು ವಂತಿಗೆ ಕೂಡಿಸಿ ಈಕೆಯನ್ನು ಓದಿಸಿದರು. ಬಿಳಿಯರಲ್ಲದ ಸ್ತ್ರೀಯರಲ್ಲಿ ನಾಟಾಲಿನಲ್ಲಿ ಸ್ವಂತ ವಕೀಲಿ ಕಚೇರಿಯನ್ನು ತೆರೆದವರಲ್ಲಿ ಈಕೆಯೇ ಮೊದಲಿಗರು. ಅದು 1967ರ ಮಾತು. ಸಾಕ್ಷಿಗಳ ಬಾಯಿಂದ ಬಂದುದನ್ನು ಕೇಳಿಯೂ ಕೇಳದಂತೆ ಪೀಠವು ಮುಂದಕ್ಕೆ ಸಾಗಲಿಲ್ಲ, ತಿರುಗಿ ಪ್ರಶ್ನಿಸಿತು. ಖಟ್ಲೆಗೆ ವಿರಾಮ ದೊರೆಯಿತು, ಫಿರ್ಯಾದಿ ಪಕ್ಷದವರು ಪುನಃ ಟಾಬಾಕ್ಕೆ ಹೋಗಿ ವಿಚಾರಿಸಿದರು, 1997ರ ಜೂನ್ ತಿಂಗಳಿನಲ್ಲಿ ಆರೋಪಪತ್ರಕ್ಕೆ ಮೂರು ಬಾಬುಗಳು ಹೊಸದಾಗಿ ಸೇರಿದುವು. 1998ರ ಸೆಪ್ಟೆಂಬರ್ 2ರಂದು ತೀರ್ಪಾಯಿತು. ಒಂದು ಜನಾಂಗವನ್ನು ನಾಶಮಾಡುವ ಸಂಕಲ್ಪದಿಂದ ನಡೆದ ಬಲಾತ್ಕಾರವು ಜನಾಂಗ ಸಂಹಾರವೇ ಎಂದು ಅಂತರರಾಷ್ಟ್ರೀಯ ನ್ಯಾಯಾಲಯವೊಂದು ಹೇಳಿದುದು ಅದೇ ಮೊದಲು. ಅಕಾಯೇಸು ತಾನೇ ಯಾರನ್ನೂ ಮುಟ್ಟಿದನೆಂದು ಸಿದ್ಧವಾಗಲಿಲ್ಲ. ಎದುರಿಗೆ ನಿಂತು, ತಡೆಯದೆ, ಮಾತಿನಿಂದ ಹುರಿದುಂಬಿಸಿದನೆಂಬುದೇ ಬಲಾತ್ಕಾರದ ವಿಷಯದಲ್ಲಿ ಅವನನ್ನು ಅಪರಾಧಿಯನ್ನಾಗಿ ಮಾಡಿತು. ಕೊರಳಿಗೆ ಕತ್ತಿ ಹಿಡಿದಿರಬೇಕಾದ ಅಗತ್ಯವೂ ಇಲ್ಲ, ಸುತ್ತಲೂ ಆಯುಧಪಾಣಿಗಳು ನಿಂತಿರುವಲ್ಲಿ ಒಪ್ಪಿಗೆಯ ಪ್ರಶ್ನೆಯೇ ಏಳುವುದಿಲ್ಲ ಎಂಬುದೂ ಆ ತೀರ್ಪಿನ ಸಾರ.

ಎರಡನೆಯ ಮಹಾಯುದ್ಧದ ತರುವಾಯ ನಡೆದ ನ್ಯೂರೆಂಬರ್ಗಿನ ಮುಖ್ಯ ಖಟ್ಲೆಯ ಸನ್ನದಿನಲ್ಲಿ ಈ ಅಪರಾಧದ ಹೆಸರಿರಲಿಲ್ಲ. ಟೋಕಿಯೋದಲ್ಲಿ ನಾನ್‌ಕಿಂಗಿನ ಅತ್ಯಾಚಾರಗಳು ಚರ್ಚೆಗೆ ಬಂದರೂ, ಜಪಾನಿನ ಸೈನ್ಯವು ಕೊರಿಯಾ ಮೊದಲಾದ ದೇಶಗಳ ಹೆಣ್ಣುಮಕ್ಕಳನ್ನು ಕೂಡಿಹಾಕಿದ ಶಿಬಿರಗಳ ವಿಷಯದಲ್ಲಿ ಆರೋಪ ಹೊರಿಸಲಿಲ್ಲ. ಕಿಮ್ ಹಾಕ್ ಸುನ್ ಎಂಬ ಕೊರಿಯದ ವೃದ್ಧೆಯು ತನ್ನ ಹೆಸರು ಹೇಳಿ ಲೋಕದ ಮುಂದೆ ನಿಂತುದು 1991ರಲ್ಲಿ. 1949ರ ಜಿನೀವಾ ಒಪ್ಪಂದವಂತೂ ಬಲಾತ್ಕಾರವನ್ನು ನಿಷೇಧಿಸಿತು, ಆದರೆ ಸ್ತ್ರೀಯ ಮಾನದ ಮೇಲಣ ಆಘಾತವೆಂದು ಬರೆದು ನಿಷೇಧಿಸಿತು.

ಈ ‘ಮಾನ’ ಎಂಬ ಮಾತಿನಲ್ಲಿ ನಮ್ಮ ತಪ್ಪೂ ಇದೆ. ‘ಮಾನಭಂಗ’ ಎಂಬ ಪದವನ್ನು ಎಷ್ಟೋ ವರ್ಷ ಈ ಪತ್ರಿಕೆಯು ಸಂಕೋಚವಿಲ್ಲದೆ ಅಚ್ಚುಹಾಕಿತು. ವಾಚಕಿಯೊಬ್ಬರು ಒಂದು ಕಾರ್ಡು ಬರೆದು, ಕಳ್ಳನು ಮನೆ ಹೊಕ್ಕರೆ ಮಾನ ಹೋಗುವುದು ಕಳ್ಳನದು, ಇಲ್ಲಿ ಮಾತ್ರ ಹೋದುದು ಯಾರದೆಂದು ಕೇಳಿದ್ದರು. ಉತ್ತರ ಹೊಳೆಯದೆ ಆ ಪತ್ರವನ್ನು ನಾವು ಪ್ರಕಟಿಸಲಿಲ್ಲ. ಟಾಬಾದ ಹೆಂಗಸರು ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದುದಕ್ಕೂ ನಮ್ಮ ಆ ಮಾತಿಗೂ ನಂಟಿದೆಯೆಂದು ಈಗ ತೋರುತ್ತದೆ.

ಅರೂಶಾದ ಕಥೆಯೆಲ್ಲ ಉಜ್ವಲವಾದುದೆಂದು ವಾಚಕರು ಭಾವಿಸಬಾರದು. 2001ರಲ್ಲಿ, ಅದೇ ನ್ಯಾಯಾಲಯದ ಬುಟಾರೆ ಖಟ್ಲೆಯಲ್ಲಿ, ಬಲಾತ್ಕಾರಕ್ಕೊಳಗಾದ ಸಾಕ್ಷಿಯನ್ನು ಪ್ರತಿವಾದಿಗಳ ವಕೀಲರು ಸ್ನಾನ ಮಾಡಿದ್ದಿಲ್ಲವೇ ಎಂಬಂತಹ ಪ್ರಶ್ನೆಗಳಿಂದ ಪೀಡಿಸುತ್ತಿದ್ದಾಗ ಪೀಠದ ಮೇಲಿನಿಂದಲೇ ನಗೆ ಕೇಳಿಬಂದಿತು. ನಕ್ಕುದು ವಕೀಲರ ರೀತಿಗೇ ಹೊರತು ಆಕೆಗಲ್ಲವೆಂದು ಆಮೇಲೆ ಸಮಾಧಾನ ಹೇಳಿದರು. ಇರಬಹುದು. ದ್ರೌಪದಿಯು ಕುರುಸಭೆಯಲ್ಲಿ ಧರ್ಮದ ಪ್ರಶ್ನೆಯೆತ್ತಿದಾಗ ನಕ್ಕವರಿಗಿಂತ ಸುಮ್ಮನಿದ್ದ ಹಿರಿಯರೇ ನಮಗೆ ಬಾಲ್ಯದಿಂದ ಹೆಚ್ಚು ಚುಚ್ಚಿದವರು; ಇಲ್ಲಿ ಎರಡೂ ಒಂದೇ ಪೀಠದಲ್ಲಿ ಕೂಡಿದಂತಾಯಿತು. ಆ ಖಟ್ಲೆಯ ಅಪರಾಧಿಗಳಲ್ಲಿ ಪಾಲೀನ್ ನ್ಯಿರಾಮಾಸುಹುಕೋ ಎಂಬ ಹೆಂಗಸೂ ಇದ್ದಳು. ರುವಾಂಡಾ ಸರಕಾರದಲ್ಲಿ ಕುಟುಂಬ ಮತ್ತು ಸ್ತ್ರೀ ಅಭ್ಯುದಯದ ಮಂತ್ರಿಣಿಯಾಗಿದ್ದವಳು! 2011ರಲ್ಲಿ ಅವಳಿಗೆ ಶಿಕ್ಷೆಯಾಯಿತು. ಇನ್ನು ಬಂದಿಗಳಿಗೆ ರಾಷ್ಟ್ರಸಂಘದ ಸೆರೆಮನೆಯಲ್ಲಿ ಏಡ್ಸ್ ರೋಗಕ್ಕೆ ಔಷಧ ದೊರೆಯುತ್ತಿದ್ದ ಕಾಲದಲ್ಲಿ, ಅದೇ ರೋಗವನ್ನು ಬಲಾತ್ಕಾರದಿಂದ ಪಡೆದ ಸ್ತ್ರೀಯರು ಹಳ್ಳಿಗಳಲ್ಲಿ ಔಷಧವಿಲ್ಲದೆ ಸತ್ತರು.

ದೂರದ ದೇಶದ ಮಾತು ನಮಗೇಕೆಂದು ಕೇಳುವವರಿರುವರು. 1947ರ ದೇಶವಿಭಾಗದಲ್ಲಿ ಅಪಹೃತರಾದ ಸ್ತ್ರೀಯರ ಸರಕಾರಿ ಅಂದಾಜು, ಈ ಕಡೆಯಲ್ಲಿ 50,000 ಮುಸಲ್ಮಾನರು, ಆ ಕಡೆಯಲ್ಲಿ 33,000 ಹಿಂದೂ ಮತ್ತು ಸಿಖ್ಖರು. ಮೃದುಲಾ ಸಾರಾಭಾಯಿಯವರಂತಹ ಕಾರ್ಯಕರ್ತೆಯರು ಹಗಲಿರುಳು ದುಡಿದು ಸಾವಿರಾರು ಜನರನ್ನು ಹುಡುಕಿ ತಂದರು. ಆದರೆ 1949ರಲ್ಲಿ ನಾವು ಮಾಡಿದ ಕಾಯಿದೆಯು ಕರೆತರುವುದರ ಕಾಯಿದೆಯಾಗಿತ್ತೇ ಹೊರತು ಒಯ್ದವನನ್ನು ವಿಚಾರಿಸುವ ಕಾಯಿದೆಯಾಗಿರಲಿಲ್ಲ. ಬರಲೊಲ್ಲೆನೆಂದವಳ ಮಾತಿಗೂ ಅದರಲ್ಲಿ ಎಡೆಯಿರಲಿಲ್ಲ. ಕಳೆದುಹೋದ ದನವನ್ನು ಒಡೆಯನ ಹಟ್ಟಿಗೆ ಹೊಡೆದುತಂದಂತೆ ಆಯಿತೆಂದರೆ ನಮ್ಮ ದೇಶಭಕ್ತ ಮಿತ್ರರು ಸಿಟ್ಟಾದಾರು. ಸ್ವಾತಂತ್ರ್ಯವನ್ನು ಪ್ರೀತಿಸುವವರಲ್ಲಿ ನಾವೂ ಒಬ್ಬರಾದುದರಿಂದಲೇ ಇದನ್ನು ಹೇಳುತ್ತಿದ್ದೇವೆ.

ನಮ್ಮ ಸೈನಿಕರ ಶೌರ್ಯದಲ್ಲಿ ನಮಗೆ ಸಂಶಯವಿಲ್ಲ. 2007ರಲ್ಲಿ ಲೈಬೀರಿಯಕ್ಕೆ ಕೇವಲ ಸ್ತ್ರೀಯರಿಂದ ಕೂಡಿದ ಪೋಲೀಸು ದಳವನ್ನು ಕಳುಹಿಸಿ ನಮ್ಮ ದೇಶವು ಲೋಕಕ್ಕೆ ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿತು. ಆದುದರಿಂದ 2013ರ ಜನವರಿಯಲ್ಲಿ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಸಮಿತಿಯು ಮಾಡಿದ ಸೂಚನೆಯನ್ನು ಸರಕಾರವು ಭಯಪಡದೆ ಸ್ವೀಕರಿಸಬಹುದಾಗಿತ್ತು. ಸಶಸ್ತ್ರ ಪಡೆಯವನು ಸ್ತ್ರೀಯ ಮೇಲೆ ಅತ್ಯಾಚಾರ ಮಾಡಿದರೆ ಅವನನ್ನು ಸಾಮಾನ್ಯ ಕಾನೂನಿನಂತೆಯೇ ವಿಚಾರಿಸತಕ್ಕದ್ದು, ವಿಶೇಷಾಧಿಕಾರದ ಕಾಯಿದೆಯನ್ನು ಮುಂದಿಟ್ಟು ಕೇಂದ್ರ ಸರಕಾರದ ಪೂರ್ವಾನುಮತಿಗಾಗಿ ಕಾಯಿಸಬಾರದು ಎಂಬುದೇ ಆ ಸೂಚನೆ. ಅದೇ ವರ್ಷ ದಂಡಸಂಹಿತೆಯನ್ನು ತಿದ್ದಿದಾಗ ಸಮಿತಿಯ ಅನೇಕ ಮಾತುಗಳು ಸೇರಿದುವು, ವಿಶೇಷಾಧಿಕಾರದ ಕಾಯಿದೆಯನ್ನು ಕುರಿತ ಮಾತು ಸೇರಲಿಲ್ಲ. ಪಾರ್ಲಿಮೆಂಟಿನಲ್ಲಿ ನಮ್ಮ ಪ್ರಾಂತದಿಂದ ಕುಳಿತಿರುವ ಸದಸ್ಯರು ಯಾವ ಪಕ್ಷದವರೇ ಆಗಲಿ, ಬರುವ ಅಧಿವೇಶನದಲ್ಲಿ ಅದೇಕೆಂದು ಎದ್ದು ನಿಂತು ಕೇಳಬೇಕೆಂದು ನಾವು ಅವರನ್ನು ಪ್ರಾರ್ಥಿಸುತ್ತೇವೆ. ಕೇಳಿದವರ ಹೆಸರನ್ನೂ, ದೊರೆತ ಉತ್ತರವನ್ನೂ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.