ಹೋಮ್‌ಪಿಎನ್‌ಎ
ಹೋಮ್‌ಪಿಎನ್‌ಎ ಎಂಬುದು ಮನೆಯೊಳಗೆ ಮೊದಲೇ ಅಳವಡಿಸಿರುವ ದೂರವಾಣಿ ತಂತಿಗಳ ಮೂಲಕವೇ ಕಂಪ್ಯೂಟರುಗಳನ್ನು ಪರಸ್ಪರ ಜೋಡಿಸುವ ತಂತ್ರಜ್ಞಾನವಾಗಿದೆ. 1998ರಲ್ಲಿ ಅಮೆರಿಕದಲ್ಲಿ ಹಲವು ಕಂಪನಿಗಳು ಕೂಡಿ ಸ್ಥಾಪಿಸಿದ ‘ಹೋಮ್ ಫೋನ್‌ಲೈನ್ ನೆಟ್‌ವರ್ಕಿಂಗ್ ಅಲಯನ್ಸ್’ ಎಂಬ ಒಕ್ಕೂಟದಿಂದ ಇದಕ್ಕೆ ಈ ಹೆಸರು ಬಂದಿತು. ಅಲ್ಲಿನ ಮನೆಗಳಲ್ಲಿ ಹಲವು ಕೋಣೆಗಳಿಗೆ ದೂರವಾಣಿ ಜಾಕ್‌ಗಳಿರುವುದು ಸಾಮಾನ್ಯವಾಗಿತ್ತು. ಎರಡು ಕಂಪ್ಯೂಟರುಗಳ ನಡುವೆ ಒಂದೇ ಇಂಟರ್ನೆಟ್ ಸಂಪರ್ಕವನ್ನೋ ಪ್ರಿಂಟರನ್ನೋ ಹಂಚಿಕೊಳ್ಳಲು ಗೋಡೆ ಕೊರೆದು ಹೊಸ ಕೇಬಲ್ ಎಳೆಯುವ ಶ್ರಮವನ್ನು ತಪ್ಪಿಸುವುದೇ ಇದರ ಉದ್ದೇಶವಾಗಿತ್ತು.

ಕಾರ್ಯವಿಧಾನ

ಒಂದೇ ತಂತಿಯಲ್ಲಿ ಮಾತೂ ದತ್ತಾಂಶವೂ ಒಟ್ಟಿಗೆ ಹರಿದರೂ ಅವು ಬೆರೆತುಹೋಗುವುದಿಲ್ಲ. ಇದಕ್ಕೆ ಕಾರಣ ಆವರ್ತನಗಳ ವಿಂಗಡಣೆ. ಮಾತಿಗೆ ಸುಮಾರು 4 ಕಿಲೋಹರ್ಟ್ಸ್‌ವರೆಗಿನ ಆವರ್ತನಗಳು ಸಾಕು. ಎಡಿಎಸ್‌ಎಲ್ ಇಂಟರ್ನೆಟ್ ಸೇವೆಯು ಸುಮಾರು 25 ಕಿಲೋಹರ್ಟ್ಸ್‌ನಿಂದ 1.1 ಮೆಗಾಹರ್ಟ್ಸ್‌ವರೆಗೆ ವ್ಯಾಪಿಸುತ್ತದೆ. ಹೋಮ್‌ಪಿಎನ್‌ಎಯ ಎರಡನೆಯ ಆವೃತ್ತಿ ಇವೆರಡಕ್ಕೂ ಮೇಲಿನ 4ರಿಂದ 10 ಮೆಗಾಹರ್ಟ್ಸ್ ಪಟ್ಟಿಯನ್ನು ಬಳಸುತ್ತದೆ. ಹೀಗಾಗಿ ಒಬ್ಬರು ಫೋನಿನಲ್ಲಿ ಮಾತನಾಡುತ್ತಿರುವಾಗಲೇ ಇನ್ನೊಬ್ಬರು ಕಡತಗಳನ್ನು ಕಳುಹಿಸಬಹುದು. ಪ್ರತ್ಯೇಕ ಹಬ್‌ನ ಅಗತ್ಯವಿಲ್ಲ. ಪ್ರತಿ ಕಂಪ್ಯೂಟರಿಗೆ ಒಂದು ಕಾರ್ಡ್ ಅಳವಡಿಸಿ ಹತ್ತಿರದ ಜಾಕ್‌ಗೆ ಜೋಡಿಸಿದರೆ ಸಾಕು.

ನಿಜವಾದ ತೊಡಕು ಇರುವುದು ತಂತಿಯಲ್ಲಿಯೇ. ಮಾತಿಗೆಂದು ಹಾಕಿದ ಈ ತಂತಿಗಳು ಮನೆಯೊಳಗೆ ಅಡ್ಡಾದಿಡ್ಡಿಯಾಗಿ ಕವಲೊಡೆದಿರುತ್ತವೆ. ಏನನ್ನೂ ಜೋಡಿಸದ ಕವಲಿನ ತುದಿಯನ್ನು ಮುಟ್ಟಿದ ಸಂಕೇತವು ಬಾವಿಯೊಳಗೆ ಕೂಗಿದ ದನಿಯಂತೆ ಮರಳಿ ಬಂದು, ಮೂಲ ಸಂಕೇತದ ಕೆಲವು ಆವರ್ತನಗಳನ್ನು ಕುಗ್ಗಿಸುತ್ತದೆ. ಆದುದರಿಂದ ಎರಡನೆಯ ಆವೃತ್ತಿಯ ಉಪಕರಣಗಳು ತಂತಿಯ ಸ್ಥಿತಿಗೆ ತಕ್ಕಂತೆ ತಮ್ಮ ವೇಗವನ್ನು ಹೆಚ್ಚುಕಡಿಮೆ ಮಾಡಿಕೊಳ್ಳುತ್ತವೆ. ವಿಡಿಎಸ್‌ಎಲ್ ಸೇವೆ ಇರುವ ತಂತಿಯಲ್ಲಿ ಈ ಉಪಾಯವೂ ಸಾಲದು, ಏಕೆಂದರೆ ಅದು ಇದೇ ಪಟ್ಟಿಯ ಆವರ್ತನಗಳನ್ನು ಆಕ್ರಮಿಸುತ್ತದೆ.

ಬೆಳವಣಿಗೆ ಮತ್ತು ಇಳಿಮುಖ

ಮೊದಲ ಆವೃತ್ತಿಯ ವೇಗ ಸೆಕೆಂಡಿಗೆ 1 ಮೆಗಾಬಿಟ್. ಎರಡನೆಯದರಲ್ಲಿ ಅದು 10ಕ್ಕೂ, 3.0 ಆವೃತ್ತಿಯಲ್ಲಿ 128ಕ್ಕೂ, 3.1ರಲ್ಲಿ 320 ಮೆಗಾಬಿಟ್‌ಗೂ ಏರಿತು. ಆದರೆ 1999ರಲ್ಲಿ ರೂಪುಗೊಂಡ 802.11ಬಿ ಎಂಬ ವೈಫೈ ಮಾನಕವು ತಂತಿಯ ಹಂಗಿಲ್ಲದೆಯೇ 11 ಮೆಗಾಬಿಟ್ ವೇಗವನ್ನು ಒದಗಿಸಿತು. ಲ್ಯಾಪ್‌ಟಾಪ್ ಬಳಸುವವರಿಗೆ ಗೋಡೆಯ ಜಾಕ್ ಒಂದು ಕಟ್ಟುಪಾಡಾಯಿತು. ಹೋಮ್‌ಪಿಎನ್‌ಎ ಮುಂದೆ ನೆಲೆ ಕಂಡುಕೊಂಡದ್ದು ದೂರದರ್ಶನ ಸೇವೆಯಲ್ಲಿ: ಎಟಿ ಅಂಡ್ ಟಿ ಕಂಪನಿಯು ತನ್ನ ಯು-ವರ್ಸ್ ಸೇವೆಯ ಸೆಟ್‌ಟಾಪ್ ಪೆಟ್ಟಿಗೆಗಳನ್ನು ಮನೆಯ ಹಳೆಯ ಟಿವಿ ಕೇಬಲ್‌ಗಳ ಮೂಲಕ ಜೋಡಿಸಲು ಇದನ್ನೇ ಬಳಸಿತು. 2013ರಲ್ಲಿ ಒಕ್ಕೂಟವು ಹೋಮ್‌ಗ್ರಿಡ್ ಫೋರಮ್‌ನಲ್ಲಿ ವಿಲೀನವಾಯಿತು. ಈ ಸಂಸ್ಥೆ ಬೆಂಬಲಿಸುವ ಜಿ.ಎಚ್‌ಎನ್ ಮಾನಕವು ದೂರವಾಣಿ ತಂತಿ, ಟಿವಿ ಕೇಬಲ್ ಹಾಗೂ ವಿದ್ಯುತ್ ತಂತಿ ಮೂರರಲ್ಲೂ ಕೆಲಸ ಮಾಡುತ್ತದೆ.